ಗುಂಟೂರಿನ ಡಾಕ್ಟರ್ ಸಿಸ್ಟರ್ ಮೇರಿ ಗ್ಲೋರಿ

ಮೇ ತಿಂಗಳು ಮಾತೆ ಮರಿಯಮ್ಮನವರಿಗೆ ಮೀಸಲಾದ ತಿಂಗಳು. ಅದೇ ತಿಂಗಳ 12ನೆಯ ದಿನವನ್ನು ಲೋಕವೆಲ್ಲ ದಾದಿಯರ ದಿನವೆಂದು ಆಚರಿಸುತ್ತದೆ; ಅದು ಫ್ಲಾರೆನ್ಸ್ ನೈಟಿಂಗೇಲ್ ಜನಿಸಿದ ದಿನ. ಅದಕ್ಕೂ ಒಂದು ವಾರ ಮೊದಲು, ಮೇ 5ರಂದು, ಮತ್ತೊಬ್ಬ ಮಹಾಮಾತೆಯ ಪುಣ್ಯತಿಥಿ ಬರುತ್ತದೆ. ನಮ್ಮ ಧರ್ಮಕೇಂದ್ರಗಳಲ್ಲಿ ಅದನ್ನು ನೆನೆಯುವವರು ವಿರಳ. 1957ರ ಆ ದಿನ ಬೆಂಗಳೂರಿನಲ್ಲಿ ತಮ್ಮ 69ನೆಯ ವಯಸ್ಸಿನಲ್ಲಿ ಪ್ರಭುವಿನಲ್ಲಿ ನಿದ್ರಿಸಿದ ಪವಿತ್ರ ಹೃದಯದ ಸಿಸ್ಟರ್ ಮೇರಿ, ಅಂದರೆ ಡಾಕ್ಟರ್ ಮೇರಿ ಗ್ಲೋರಿ, ನಮ್ಮ ಸೀಮೆಗೆ ತೀರ ಪರಕೀಯರೇನಲ್ಲ. ಅವರು ದುಡಿದ ಗುಂಟೂರಿನಿಂದ ಪಶ್ಚಿಮಕ್ಕೆ ಹೊರಟ ರೈಲುದಾರಿ ಗುಂತಕಲ್ಲು, ಬಳ್ಳಾರಿ, ತೋರಣಗಲ್ಲುಗಳನ್ನು ದಾಟಿ ನಮ್ಮ ಗಾದಿಗನೂರಿನ ಮೇಲೆಯೇ ಹೊಸಪೇಟೆಗೆ ಬರುತ್ತದೆ. ಅವರು ಭಾರತಕ್ಕೆ ಬಂದ 1920ರಲ್ಲಿ ಗುಂಟೂರು, ಬಳ್ಳಾರಿಗಳೆರಡೂ ಮದರಾಸು ಪ್ರಾಂತ್ಯದ ಜಿಲ್ಲೆಗಳು. ಧರ್ಮಸಭೆಯ ಆಡಳಿತದಲ್ಲಿಯೂ ಎರಡೂ ಮದರಾಸು ಮಹಾಧರ್ಮಾಧ್ಯಕ್ಷರ ಅಧೀನದಲ್ಲಿದ್ದವು. ಬಳ್ಳಾರಿ ತನ್ನದೇ ಆದ ಧರ್ಮಕ್ಷೇತ್ರವಾದದ್ದು 1949ರಲ್ಲಿ.

ಮೇರಿ ಗ್ಲೋರಿಯವರು 1887ರ ಜೂನ್ 23ರಂದು ಆಸ್ಟ್ರೇಲಿಯಾದ ವಿಕ್ಟೋರಿಯಾ ಪ್ರಾಂತ್ಯದ ಬಿರ್ರೆಗರ್ರಾ ಎಂಬ ಸಣ್ಣ ಊರಿನಲ್ಲಿ ಜನಿಸಿದರು. ಒಂಬತ್ತು ಮಕ್ಕಳಲ್ಲಿ ಇವರು ಮೂರನೆಯವರು. ಐರಿಶ್ ಮೂಲದ ಕಥೋಲಿಕ ಕುಟುಂಬ. ಬೆಳೆದದ್ದು ವಾಚೆಮ್ ಎಂಬ ಒಣಭೂಮಿಯ ಹಳ್ಳಿಯಲ್ಲಿ. ಮಳೆಗಾಗಿ ಮುಗಿಲು ನೋಡುವುದೆಂದರೇನೆಂಬುದು ನಮ್ಮ ಬಳ್ಳಾರಿ ಸೀಮೆಯವರಿಗೆ ವಿವರಿಸಿ ಹೇಳಬೇಕಾದದ್ದಲ್ಲ. ಹಳ್ಳಿಯ ಈ ಹುಡುಗಿ ವಿದ್ಯಾರ್ಥಿವೇತನದ ಬಲದಿಂದ ಪಟ್ಟಣ ಸೇರಿ ಮೆಲ್ಬರ್ನ್ ವಿಶ್ವವಿದ್ಯಾಲಯವನ್ನು ಪ್ರವೇಶಿಸಿದರು. ಮೊದಲು ಹಿಡಿದದ್ದು ಕಲಾ ವಿಭಾಗ. ಆಮೇಲೆ ವೈದ್ಯಕೀಯಕ್ಕೆ ಬದಲಾಯಿಸಿಕೊಂಡು 1910ರಲ್ಲಿ ಪದವಿ ಪಡೆದರು. ಹೆಣ್ಣುಮಕ್ಕಳು ವೈದ್ಯರಾಗುವುದು ಆಸ್ಟ್ರೇಲಿಯಾದಲ್ಲಿಯೂ ಅಪರೂಪವಾಗಿದ್ದ ಕಾಲವದು. ಮರುವರ್ಷ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ಆಸ್ಪತ್ರೆಯಲ್ಲಿ ಸೇವೆ, ತರುವಾಯ ಮೆಲ್ಬರ್ನಿಗೆ ಮರಳಿ ಕಣ್ಣು ಮತ್ತು ಕಿವಿಗಳ ಆಸ್ಪತ್ರೆಯಲ್ಲಿಯೂ ಸಂತ ವಿನ್ಸೆಂಟರ ಆಸ್ಪತ್ರೆಯಲ್ಲಿಯೂ ಕಾರ್ಯ, ಜೊತೆಗೆ ನಗರದ ಪ್ರತಿಷ್ಠಿತ ಬೀದಿಯೊಂದರಲ್ಲಿ ಸ್ವಂತ ಚಿಕಿತ್ಸಾಲಯ. ಬಾಳು ನೇರವಾದ ದಾರಿಯಲ್ಲಿ ಸಾಗಿತ್ತು.

1915ರ ಅಕ್ಟೋಬರ್ 24ರಂದು ಅವರ ಕೈಗೆ ಒಂದು ಕಿರುಹೊತ್ತಗೆ ಬಂದಿತು. ಅದು ಸ್ಕಾಟ್ಲೆಂಡಿನ ವೈದ್ಯೆ ಡಾಕ್ಟರ್ ಆಗ್ನೆಸ್ ಮೆಕ್ಲಾರೆನ್ ಅವರ ಜೀವನಕ್ಕೆ ಸಂಬಂಧಿಸಿದ್ದು. ಮಧ್ಯವಯಸ್ಸಿನ ತರುವಾಯ ಕಥೋಲಿಕ ಧರ್ಮವನ್ನು ಸ್ವೀಕರಿಸಿದ ಮೆಕ್ಲಾರೆನ್, ಭಾರತದಲ್ಲಿ ಗಂಡು ವೈದ್ಯರ ಮುಂದೆ ಬರಲಾರದೆ ಹೆರಿಗೆಯ ಕೋಣೆಯಲ್ಲಿಯೇ ಸಾಯುತ್ತಿದ್ದ ತಾಯಂದಿರನ್ನೂ ಕೂಸುಗಳನ್ನೂ ಕಂಡು ಮರುಗಿ, ರಾವಲ್ಪಿಂಡಿಯಲ್ಲಿ ಸ್ತ್ರೀಯರಿಗಾಗಿ ಆಸ್ಪತ್ರೆಯೊಂದನ್ನು ತೆರೆಯಿಸಿದ್ದರು. ಆದರೆ ಅಲ್ಲಿಗೆ ವೈದ್ಯರೆಲ್ಲಿ? ಕನ್ಯಾಸ್ತ್ರೀಯರು ವೈದ್ಯವೃತ್ತಿಯನ್ನು, ಅದರಲ್ಲಿಯೂ ಹೆರಿಗೆಯ ಕೆಲಸವನ್ನು ಕೈಗೊಳ್ಳುವುದಕ್ಕೆ ಅಂದಿನ ಧರ್ಮಸಭೆಯ ಕಟ್ಟಳೆ ಎಡೆಗೊಡುತ್ತಿರಲಿಲ್ಲ. ಆ ಕಟ್ಟಳೆಯನ್ನು ಸಡಿಲಿಸಬೇಕೆಂದು ಬೇಡಿ ರೋಮಿಗೆ ಮತ್ತೆ ಮತ್ತೆ ಅಲೆದ ಆ ವೃದ್ಧೆ 1913ರಲ್ಲಿ ಕಣ್ಮುಚ್ಚಿದ್ದರು. ಕಿರುಹೊತ್ತಗೆಯನ್ನು ಓದಿ ಮುಗಿಸಿದ ಮೇರಿ ಗ್ಲೋರಿಯವರು ತಮ್ಮ ದೇವಕರೆ ಭಾರತದಲ್ಲಿದೆಯೆಂದು ನಿಶ್ಚಯಿಸಿಕೊಂಡರು.

ಆದರೂ ಅವರು ಮರುದಿನವೇ ಹಡಗು ಹತ್ತಲಿಲ್ಲ. ಮಹಾಯುದ್ಧದ ದಿನಗಳು, ಹೊರಡುವುದಕ್ಕೆ ನಾಲ್ಕು ವರ್ಷಗಳಿಗೂ ಮಿಕ್ಕಿ ಹಿಡಿಯಿತು. ಆ ಅವಧಿಯಲ್ಲಿ 1916ರಲ್ಲಿ ರೂಪುಗೊಂಡ ಕಥೋಲಿಕ ಮಹಿಳೆಯರ ಸಮಾಜಸೇವಾ ಸಂಘದ ಮೊದಲ ಅಧ್ಯಕ್ಷೆಯಾದರು. ವೈದ್ಯವೃತ್ತಿಯನ್ನು ನಡೆಸುತ್ತಲೇ ಪ್ರಸೂತಿ, ಸ್ತ್ರೀರೋಗ ಮತ್ತು ನೇತ್ರ ಚಿಕಿತ್ಸೆಗಳಲ್ಲಿ ಉನ್ನತ ವ್ಯಾಸಂಗ ಮಾಡಿ 1919ರಲ್ಲಿ ಎಂ.ಡಿ. ಪದವಿಯನ್ನು ಗಳಿಸಿದರು. ಭಾರತದ ಬಡ ತಾಯಂದಿರಿಗೆ ಇಷ್ಟು ಸಾಕೆಂಬ ಭಾವನೆ ಅವರಲ್ಲಿರಲಿಲ್ಲ. ತಾವು ಕಲಿಯಬಹುದಾದುದನ್ನೆಲ್ಲ ಕಲಿತುಕೊಂಡೇ ಹೊರಟರು. ಅವರ ಜೀವನದ ಈ ಘಟ್ಟವನ್ನು ಭಕ್ತಿಯ ಕೈಪಿಡಿಗಳು ಎರಡು ಸಾಲಿನಲ್ಲಿ ಮುಗಿಸಿಬಿಡುತ್ತವೆ. ನಮಗಾದರೋ ಮುಂದಿನದೆಲ್ಲದರ ಬೀಜ ಇಲ್ಲಿಯೇ ಇರುವಂತೆ ತೋರುತ್ತದೆ.

1920ರ ಆರಂಭದಲ್ಲಿ ಅವರು ಗುಂಟೂರನ್ನು ತಲಪಿ, ಅಲ್ಲಿ 1904ರಿಂದ ಸೇವೆಯಲ್ಲಿದ್ದ ಹಾಲೆಂಡ್ ಮೂಲದ ಯೇಸು ಮರಿಯ ಜೋಸೆಫ್ ಸಭೆಯ ಭಗಿನಿಯರನ್ನು ಸೇರಿದರು. ಕನ್ಯಾಸ್ತ್ರೀಯಾಗಿದ್ದುಕೊಂಡೇ ವೈದ್ಯವೃತ್ತಿಯನ್ನು ನಡೆಸಲು ಜಗದ್ಗುರು ಹದಿನೈದನೆಯ ಬೆನೆಡಿಕ್ಟರು ಅವರಿಗೆ ವಿಶೇಷ ಅನುಮತಿಯನ್ನು ದಯಪಾಲಿಸಿದರು. ಭಗಿನಿಯರು ನಡೆಸುತ್ತಿದ್ದ ಪುಟ್ಟ ಔಷಧಾಲಯ ಇವರ ಕಾಲದಲ್ಲಿ ಸಂತ ಜೋಸೆಫರ ಆಸ್ಪತ್ರೆಯಾಗಿ ಬೆಳೆಯಿತು. ಅವರು ತೆಲುಗನ್ನು ಕಲಿತರು. ನಾಡಿನ ಗಿಡಮೂಲಿಕೆಗಳನ್ನು ತಿರಸ್ಕರಿಸದೆ ಅಭ್ಯಾಸ ಮಾಡಿ, ಉಪಯುಕ್ತವೆಂದು ಕಂಡವನ್ನು ಬಳಸಿದರು. ಆಸ್ಪತ್ರೆಗೆ ಬರಲಾರದವರಿದ್ದಲ್ಲಿಗೆ, ಸುತ್ತಲಿನ ಹಳ್ಳಿಗಳಿಗೆ ತಾವೇ ಹೋದರು.

ಒಬ್ಬ ವೈದ್ಯೆ ಎಷ್ಟು ಮಂದಿಯನ್ನು ಮುಟ್ಟಬಲ್ಲಳು? ಸಾಲುಗಟ್ಟಿ ನಿಂತ ರೋಗಿಗಳಲ್ಲಿ ಕೊನೆಯವರನ್ನು ನೋಡುವ ವೇಳೆಗೆ ಮರುದಿನದ ಸಾಲು ನಿಂತಿರುತ್ತಿತ್ತು. ಸಿಸ್ಟರ್ ಮೇರಿಯವರು ಕಂಡುಕೊಂಡ ಉತ್ತರ ಸರಳವಾದದ್ದು, ಆದರೆ ಕಾಲಕ್ಕೆ ಮುಂಚಿನದು. ಅವರು ಸ್ಥಳೀಯ ಹೆಣ್ಣುಮಕ್ಕಳನ್ನೇ ಕರೆದು ಔಷಧ ಬೆರೆಸುವ ಕಾಂಪೌಂಡರುಗಳಾಗಿ, ಸೂಲಗಿತ್ತಿಯರಾಗಿ, ದಾದಿಯರಾಗಿ ತರಬೇತುಗೊಳಿಸಿದರು. ಪರರ ಮೈ ಮುಟ್ಟುವ, ಹೊಲಸು ತೊಳೆಯುವ, ರಾತ್ರಿ ಮನೆಯ ಹೊರಗಿರುವ ಕೆಲಸವೆಂದು ಅಂದಿನ ಮನೆತನಗಳು ಈ ವೃತ್ತಿಯನ್ನು ಕೀಳಾಗಿ ಕಾಣುತ್ತಿದ್ದವು. ಆದ್ದರಿಂದ ಅದಕ್ಕೆ ಬಂದವರಲ್ಲಿ ಬಹುಪಾಲು ಬಡ ಕ್ರೈಸ್ತ ಹುಡುಗಿಯರು. ಇವರನ್ನು ಬರಿಯ ಕೈಯಾಳುಗಳಾಗಿ ಇಟ್ಟುಕೊಳ್ಳುವುದು ಸುಲಭವಾಗಿತ್ತು. ಕೈಯಾಳಿಗೆ ಕಾರಣ ಹೇಳಬೇಕಾಗಿಲ್ಲ, ಮಾಡು ಎಂದರೆ ಸಾಕು. ವಿದ್ಯೆ ಕಲಿಸುವುದೆಂದರೆ ವೇಳೆ ಬೇಕು, ತಾಳ್ಮೆ ಬೇಕು. ದಿನವಿಡೀ ದುಡಿಯುವ ಆಸ್ಪತ್ರೆಯಲ್ಲಿ ಇವೆರಡೂ ಅತ್ಯಂತ ದುಬಾರಿ ಪದಾರ್ಥಗಳು.

ಕಟ್ಟಳೆಯ ಕಥೆಯನ್ನು ಇಲ್ಲಿ ಪೂರ್ಣಗೊಳಿಸಬೇಕು. ಮೆಕ್ಲಾರೆನ್ ಅವರ ಪ್ರೇರಣೆಯಿಂದಲೇ ವೈದ್ಯೆಯಾದ ಆಸ್ಟ್ರಿಯಾದ ಅನ್ನಾ ಡೆಂಗೆಲ್ 1925ರಲ್ಲಿ ಅಮೆರಿಕದ ವಾಷಿಂಗ್ಟನ್ನಿನಲ್ಲಿ ವೈದ್ಯಕೀಯ ಪ್ರೇಷಿತ ಭಗಿನಿಯರ ಸಂಘವನ್ನು ಸ್ಥಾಪಿಸಿದಾಗ, ಇದೇ ಕಟ್ಟಳೆಯ ದೆಸೆಯಿಂದ ಆ ಸದಸ್ಯೆಯರು ಬಹಿರಂಗ ವ್ರತಗಳನ್ನು ತೊಡುವಂತಿರಲಿಲ್ಲ. 1936ರ ಫೆಬ್ರವರಿ 11ರಂದು, ಲೂರ್ದು ಮಾತೆಯ ಹಬ್ಬದ ದಿನ, ರೋಮಿನಿಂದ ಹೊರಟ ಆದೇಶವೊಂದು ಬಾಗಿಲನ್ನು ತೆರೆಯಿತು. ಧಾರ್ಮಿಕ ಭಗಿನಿಯರು ಹೆರಿಗೆಯ ಸೇವೆಯನ್ನು ಕೈಗೊಳ್ಳಬಹುದು. ಅಷ್ಟೇ ಅಲ್ಲ, ವೈದ್ಯರಾಗಿ, ದಾದಿಯರಾಗಿ ಕ್ರಮಬದ್ಧವಾದ ಅರ್ಹತೆಯನ್ನು ಪಡೆಯಬೇಕೆಂದೂ ಅದು ಪ್ರೋತ್ಸಾಹಿಸಿತು. ಸಿಸ್ಟರ್ ಮೇರಿಯವರು ಅದಾಗಲೇ ಹದಿನಾರು ವರ್ಷ ಗುಂಟೂರಿನಲ್ಲಿ ದುಡಿದಿದ್ದರು. ಒಳ್ಳೆಯ ಮನಸ್ಸಿದ್ದರೆ ಸಾಕು, ಓದು ಏತಕ್ಕೆ ಎಂಬ ಹಳೆಯ ವಾದಕ್ಕೆ ಧರ್ಮಸಭೆಯೇ ತೆರೆಯೆಳೆದದ್ದು ಹೀಗೆ.

1943ರ ಜುಲೈ 29ರಂದು, ಮತ್ತೊಂದು ಮಹಾಯುದ್ಧದ ನಡುವೆ, ಗುಂಟೂರಿನಲ್ಲಿ ಹದಿನಾರು ಮಂದಿ ಭಗಿನಿಯರು ಒಂದೆಡೆ ಸೇರಿದರು. ಕಥೋಲಿಕ ಆಸ್ಪತ್ರೆಗಳ ಸಂಘವು ಅಂದು ಹುಟ್ಟಿತು. ಸಿಸ್ಟರ್ ಮೇರಿಯವರೇ ಅದರ ಮೊದಲ ಅಧ್ಯಕ್ಷೆ. ಅಲ್ಲಲ್ಲಿ ಒಂಟಿಯಾಗಿ ದುಡಿಯುತ್ತಿದ್ದ ಔಷಧಾಲಯ, ಆಸ್ಪತ್ರೆಗಳನ್ನು ಒಂದು ಸೂತ್ರಕ್ಕೆ ತರುವುದು, ನಮ್ಮದೇ ಆದ ವೈದ್ಯಕೀಯ ಕಾಲೇಜನ್ನು ಕಟ್ಟುವುದು ಅವರ ಹಂಬಲವಾಗಿತ್ತು. ಈ ಸಂಘವೇ ಇಂದು ಮೂರೂವರೆ ಸಾವಿರಕ್ಕೂ ಮಿಕ್ಕಿ ಸಂಸ್ಥೆಗಳ ದೊಡ್ಡ ಕುಟುಂಬವಾಗಿದೆ. ಮೂರು ವರ್ಷಗಳ ತರುವಾಯ, 1946ರಲ್ಲಿ, ಸರ್ಕಾರ ನೇಮಿಸಿದ್ದ ಭೋರ್ ಸಮಿತಿ ತನ್ನ ವರದಿಯನ್ನು ಒಪ್ಪಿಸಿದಾಗ ದೇಶದ ಬಡತನ ಅಂಕೆಯಲ್ಲಿ ಕಂಡಿತು. ಇಡೀ ಭಾರತಕ್ಕೆ ಸುಮಾರು 7,000 ದಾದಿಯರು. 43,000 ಜನರಿಗೆ ಒಬ್ಬಳು. ಅದೇ ವರ್ಷ ದೆಹಲಿಯಲ್ಲಿಯೂ ವೆಲ್ಲೂರಿನಲ್ಲಿಯೂ ದಾದಿಯರಿಗೆ ವಿಶ್ವವಿದ್ಯಾಲಯದ ಪದವಿ ಶಿಕ್ಷಣ ಆರಂಭವಾಯಿತು.

ಸಿಸ್ಟರ್ ಮೇರಿಯವರು ತಾವು ಕನಸಿದ ಕಾಲೇಜನ್ನು ಕಾಣಲಿಲ್ಲ. ಕ್ಯಾನ್ಸರ್ ರೋಗ ಅವರನ್ನು ಹಣ್ಣು ಮಾಡಿತು. ಭಾರತದಲ್ಲಿ 37 ವರ್ಷ ದುಡಿದು ಬೆಂಗಳೂರಿನಲ್ಲಿ ಅವರು ತೀರಿಕೊಂಡ ಆರು ವರ್ಷಕ್ಕೆ, 1963ರಲ್ಲಿ, ಅದೇ ಬೆಂಗಳೂರಿನಲ್ಲಿ ಸಂತ ಜಾನರ ವೈದ್ಯಕೀಯ ಕಾಲೇಜು ಬಾಗಿಲು ತೆರೆಯಿತು. ಕಾಲಕ್ರಮದಲ್ಲಿ ಅದರ ಅಂಗಳದಲ್ಲಿ ನರ್ಸಿಂಗ್ ಕಾಲೇಜೂ ಬಂದಿತು. 2013ರಲ್ಲಿ ಧರ್ಮಸಭೆ ಅವರನ್ನು ದೇವರ ಸೇವಕಿ ಎಂದು ಘೋಷಿಸಿತು.

ಗುಂಟೂರಿನ ಆ ಹುಡುಗಿಯರ ಇಂದಿನ ತಂಗಿಯರು ನಮ್ಮ ನಡುವೆಯೇ ಇದ್ದಾರೆ. ಗಾದಿಗನೂರಿನಂತಹ ಊರಿನ ಹುಡುಗಿಯೊಬ್ಬಳು ಪಿ.ಯು.ಸಿ.ಯಲ್ಲಿ ಕಲಾ ವಿಭಾಗವನ್ನು ಓದಿರುತ್ತಾಳೆ. ಮನೆಯ ಹತ್ತಿರ ಸಿಕ್ಕಿದ್ದು ಅದೊಂದೇ. ನೇರವಾಗಿ ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗಿಗೆ ಹೋಗಲು ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳು ಬೇಕು. ಆದ್ದರಿಂದ ಅವಳು ಹಿಡಿಯುವುದು ಎರಡು ವರ್ಷದ ಎ.ಎನ್.ಎಂ. ತರಬೇತಿ. ಊರು ಅವಳನ್ನು ನರ್ಸಮ್ಮ ಎಂದು ಕರೆಯುತ್ತದೆ. ಚುಚ್ಚುಮದ್ದು, ಬಸುರಿಯರ ತಪಾಸಣೆ, ಬಾಣಂತಿಯರ ಆರೈಕೆ ಎಲ್ಲವೂ ಅವಳ ಹೆಗಲಿಗೆ ಬರುತ್ತವೆ. ಮುಂದೆ ಓದಬೇಕೆಂದರೆ ದಾರಿಯಿಲ್ಲದೆ ಇಲ್ಲ. ನೋಂದಾಯಿತ ಎ.ಎನ್.ಎಂ.ಗಳಿಗೆ ಮೂರು ವರ್ಷದ ಜಿ.ಎನ್.ಎಂ. ಶಿಕ್ಷಣಕ್ಕೆ ಪ್ರವೇಶವುಂಟು. ಜಿ.ಎನ್.ಎಂ. ಮುಗಿಸಿ ನೋಂದಣಿಯಾದವರಿಗೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಪದವಿಯುಂಟು, ನಮ್ಮ ರಾಜ್ಯದಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಅದನ್ನು ನೀಡುತ್ತದೆ. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯವು 1990ರ ದಶಕದಲ್ಲಿ ಕೆಲಸದಲ್ಲಿರುವ ದಾದಿಯರಿಗೆಂದೇ ಇಂತಹ ಪದವಿಯನ್ನು ಆರಂಭಿಸಿದ್ದೂ ಉಂಟು.

ಲೆಕ್ಕ ಹಾಕಿ ನೋಡೋಣ. ವಿಜ್ಞಾನ ಓದಿದವಳು ನಾಲ್ಕು ವರ್ಷಕ್ಕೆ ಪದವೀಧರೆ; ಮೆಟ್ಟಿಲು ಹತ್ತಿ ಬಂದವಳಿಗೆ ಎರಡು, ಮೂರು, ಎರಡು, ಒಟ್ಟು ಏಳು ವರ್ಷ. ನಡುವೆ ದುಡಿದ ವರ್ಷಗಳು ಬೇರೆ. ಅವಳು ಹೊತ್ತು ತರುವ ಅನುಭವ ಪಠ್ಯದ ಅವಧಿಯಲ್ಲಿ ಸಾಮಾನ್ಯವಾಗಿ ಒಂದು ದಿನವನ್ನೂ ಕಡಿಮೆ ಮಾಡುವುದಿಲ್ಲ. ಸಿಸ್ಟರ್ ಮೇರಿಯವರ ತಾಯ್ನಾಡಾದ ಆಸ್ಟ್ರೇಲಿಯಾದಲ್ಲಿ ಹೀಗಿಲ್ಲ. ಅಲ್ಲಿಯ ಕಿರಿಯ ದರ್ಜೆಯ ದಾದಿಯರು ಡಿಪ್ಲೊಮಾದೊಡನೆ ಪದವಿಗೆ ಸೇರಿದರೆ, ಮೂರು ವರ್ಷದ ಓದಿನಲ್ಲಿ ಒಂದು ವರ್ಷದವರೆಗೆ ಮುಗಿದಂತೆಯೇ ಎಣಿಸುವ ವಿಶ್ವವಿದ್ಯಾಲಯಗಳು ಅನೇಕ. ಕೆನಡಾ ದೇಶದಲ್ಲಿಯೂ ಪ್ರಾಯೋಗಿಕ ದಾದಿಯರಿಗೆಂದೇ ಸೇತುವೆಯಂತಹ ಪದವಿ ತರಗತಿಗಳಿವೆ. ನಮ್ಮಲ್ಲಿಯೂ ಎ.ಎನ್.ಎಂ. ತರಬೇತಿಯಲ್ಲಿ ಕಲಿತ ಪಾಠಗಳನ್ನೇ ಜಿ.ಎನ್.ಎಂ.ನಲ್ಲಿ ಮತ್ತೊಮ್ಮೆ ಕೂಡಿಸಿ ಕಲಿಸುವ ಬದಲು, ಪರೀಕ್ಷಿಸಿ ಮುಂದಿನ ತರಗತಿಗೆ ಬಿಟ್ಟರೆ ಗುಣಮಟ್ಟ ಕೆಡುತ್ತದೆಂದು ನಮಗೆ ಅನಿಸುವುದಿಲ್ಲ. ರೋಗಿಯ ಜೀವದ ಪ್ರಶ್ನೆಯಾದ್ದರಿಂದ ಪರೀಕ್ಷೆ ಮಾತ್ರ ಕಟ್ಟುನಿಟ್ಟಾಗಿರಲಿ.

ನಿಯಮಗಳನ್ನು ಬದಲಿಸುವುದು ಭಾರತೀಯ ನರ್ಸಿಂಗ್ ಪರಿಷತ್ತಿಗೆ ಸೇರಿದ ಮಾತು. ನಮ್ಮ ಕೈಯಲ್ಲಿರುವುದೂ ಸ್ವಲ್ಪ ಉಂಟು. ಮಿಷನ್ ಆಸ್ಪತ್ರೆಗಳಲ್ಲಿ ಬಿಳಿ ಸೀರೆಯುಟ್ಟು ಹತ್ತು ಹದಿನೈದು ವರ್ಷ ದುಡಿದು, ಯಾವ ಪ್ರಮಾಣಪತ್ರವೂ ಇಲ್ಲದೆ ಹಾಗೆಯೇ ನಿವೃತ್ತರಾಗುವ ಸಹಾಯಕಿಯರನ್ನು ನಾವೆಲ್ಲ ಬಲ್ಲೆವು. ಅವರನ್ನು ಓದಿಗೆ ಕಳುಹಿಸಿದರೆ ಕೆಲಸಕ್ಕೆ ಯಾರು ಎಂಬ ಪ್ರಶ್ನೆ ಸುಳ್ಳಲ್ಲ. ಗುಂಟೂರಿನಲ್ಲಿಯೂ ಅದೇ ಪ್ರಶ್ನೆಯಿತ್ತು. ವರ್ಷಕ್ಕೆ ಒಬ್ಬಳನ್ನಾದರೂ ಸಂಬಳ ನಿಲ್ಲಿಸದೆ ತರಬೇತಿಗೆ ಕಳುಹಿಸುವುದು, ಧರ್ಮಕೇಂದ್ರದ ವಿದ್ಯಾನಿಧಿಯಲ್ಲಿ ಅವಳ ಶುಲ್ಕಕ್ಕೊಂದು ಪಾಲನ್ನು ತೆಗೆದಿಡುವುದು ನಮ್ಮ ಪಾಲನಾ ಸಮಿತಿಗಳ ಶಕ್ತಿಯನ್ನು ಮೀರಿದ್ದಲ್ಲ. ಪಿ.ಯು.ಸಿ. ಫಲಿತಾಂಶ ಬರುವ ಹೊತ್ತಿದು. ಅದರ ಹಿಂದೆಯೇ ನರ್ಸಿಂಗ್ ಶಾಲೆಗಳ ಅರ್ಜಿಗಳೂ ಹೊರಡುತ್ತವೆ. ಎ.ಎನ್.ಎಂ. ಆಗಿ ದುಡಿಯುತ್ತಿರುವ ಮಗಳಿದ್ದ ಮನೆಯವರು ಅವಳ ನೋಂದಣಿ ಪತ್ರವನ್ನು ಪೆಟ್ಟಿಗೆಯಿಂದ ಈಗಲೇ ತೆಗೆದು, ನವೀಕರಣದ ದಿನಾಂಕವನ್ನು ನೋಡಿಟ್ಟುಕೊಳ್ಳುವುದು ಒಳ್ಳೆಯದು.