ಪ್ಲೇಗಿಗೆ ಲಸಿಕೆ ಮಾಡಿದ ಹಾಫ್‌ಕಿನ್

ವಾಲ್ಡೆಮಾರ್ ಹಾಫ್‌ಕಿನ್ 1860ರಲ್ಲಿ ಒಡೆಸ್ಸಾದ ಯಹೂದಿ ಮನೆತನದಲ್ಲಿ ಹುಟ್ಟಿದರು. ಪ್ಯಾರಿಸ್‌ನಲ್ಲಿ ಕಾಲರಾ ಲಸಿಕೆ ತಯಾರಿಸಿ 1893ರಲ್ಲಿ ಭಾರತಕ್ಕೆ ಬಂದರು. 1896ರಲ್ಲಿ ಮುಂಬಯಿಯಲ್ಲಿ ಪ್ಲೇಗು (ನಮ್ಮ ಮನೆಯ ಉರ್ದುವಿನಲ್ಲಿ ತಾಊನ್) ಹರಡಿದಾಗ ಸರಕಾರ ಅವರನ್ನು ಕರೆಸಿತು. ಪ್ಲೇಗಿನ ಬ್ಯಾಕ್ಟೀರಿಯಾವನ್ನು ಬೆಳೆಸಿ, ಕಾಯಿಸಿ ಕೊಂದು ಲಸಿಕೆ ಮಾಡಿದರು. 1897ರ ಜನವರಿ 10ರಂದು ಅದನ್ನು ಮೊದಲು ತಮಗೇ ಚುಚ್ಚಿಕೊಂಡರು.

ಕೊಂದದ್ದು ಯಾಕೆ? ಚಿಗಟದ ತಂಪು ಮೈಯಲ್ಲಿ ಈ ಬ್ಯಾಕ್ಟೀರಿಯಾದ ಕೆಲವು ಜೀನ್‌ಗಳು ಸುಮ್ಮನಿರುತ್ತವೆ. ನಮ್ಮ ಮೈಯ 37 ಡಿಗ್ರಿ ಬಿಸಿ ತಾಗಿದರೆ ಎಲ್‌ಸಿಆರ್‌ಎಫ್ ಎಂಬ ಪ್ರೋಟೀನ್ ತಯಾರಾಗಿ, ಡಿಎನ್‌ಎಗೆ ಅಂಟಿಕೊಂಡು ಅವನ್ನು ಎಬ್ಬಿಸುತ್ತದೆ. ಆಗ ಸೂಜಿಯಂಥ ಯಂತ್ರವೊಂದು ಕಟ್ಟಿಕೊಂಡು ನಮ್ಮ ರಕ್ಷಕ ಕೋಶಗಳಿಗೆ ಹಾನಿಕಾರಕ ಪ್ರೋಟೀನ್ ಚುಚ್ಚುತ್ತದೆ. ಅದೂ ಇಂಜೆಕ್ಷನ್ನೇ! ಸತ್ತ ಬ್ಯಾಕ್ಟೀರಿಯಾದಲ್ಲಿ ಈ ಯಂತ್ರ ನಡೆಯದು, ಆದರೆ ಅದರ ಗುರುತು ಹಿಡಿದು ದೇಹ ಸಜ್ಜಾಗುತ್ತದೆ. ಡಿಎನ್‌ಎಯ ಈ ಕೆಲಸ ಹಾಫ್‌ಕಿನ್ ಕಾಲದಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಜನ ಸೂಜಿಗೆ ಹೆದರುತ್ತಿದ್ದರು. ಆಗಾ ಖಾನರು ಎಲ್ಲರೆದುರು ಚುಚ್ಚಿಸಿಕೊಂಡು ಧೈರ್ಯ ಕೊಟ್ಟರು. ನಮ್ಮ ರೋಣ, ನರಗುಂದ, ಗಜೇಂದ್ರಗಡ ಆಗ ಧಾರವಾಡ ಜಿಲ್ಲೆಯಲ್ಲಿದ್ದವು. 1898ರಲ್ಲಿ ಅದೇ ಜಿಲ್ಲೆಯ ಹುಬ್ಬಳ್ಳಿಯಲ್ಲಿ ಸಾವಿರಾರು ಜನ ಈ ಲಸಿಕೆ ಹಾಕಿಸಿಕೊಂಡರು.

1902ರಲ್ಲಿ ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ ಒಂದೇ ಬಾಟಲಿಯ ಲಸಿಕೆ ಪಡೆದ 19 ಜನ ಧನುರ್ವಾಯುವಿನಿಂದ ಸತ್ತರು. ಆರೋಪ ಹಾಫ್‌ಕಿನ್ ಮೇಲೆ ಬಂತು, ಹುದ್ದೆ ಹೋಯಿತು. ಆದರೆ ಹಳ್ಳಿಯಲ್ಲಿ ಬಾಟಲಿ ತೆರೆಯುವಾಗ ಚಿಮಟ ನೆಲಕ್ಕೆ ಬಿದ್ದಿತ್ತು, ಅದನ್ನು ಸರಿಯಾಗಿ ಶುದ್ಧ ಮಾಡದೆ ಬಳಸಿದ್ದರು. ಅವರು ನಿರ್ದೋಷಿ ಎಂದು ಒಪ್ಪಲು ಸರಕಾರಕ್ಕೆ 1907 ಬೇಕಾಯಿತು. ಇದು ನನಗೆ ಬಹಳ ಅನ್ಯಾಯ ಅನ್ನಿಸುತ್ತದೆ. ಮುಂಬಯಿಯ ಪ್ರಯೋಗಾಲಯಕ್ಕೆ ಅವರು ಮರಳಲಿಲ್ಲ. 1925ರಲ್ಲಿ ಅದಕ್ಕೆ ಅವರ ಹೆಸರಿಟ್ಟರು. 1930ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಅವರು ತೀರಿಕೊಂಡರು.