ಅಮೀನುಲ್ ಮುಲ್ಕ್ ಸರ್ ಮಿರ್ಜಾ ಇಸ್ಮಾಯಿಲ್

ಶಿವಮೊಗ್ಗೆ, ಭದ್ರಾವತಿಗಳ ಅಭ್ಯುದಯವನ್ನು ನೆನೆವಾಗ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರು ಮೊದಲು ನಾಲಗೆಗೆ ಬರುವುದು ಸಹಜ. ಅವರು ನೆಟ್ಟ ಸಸಿಗೆ ನೀರೆರೆದು ಬೆಳೆಸಿದವರಲ್ಲಿ ದಿವಾನ್ ಸರ್ ಮಿರ್ಜಾ ಇಸ್ಮಾಯಿಲರು ಅಗ್ರಗಣ್ಯರು.

ಮಿರ್ಜಾ ಅವರು 1883ರ ಅಕ್ಟೋಬರ್ 24ರಂದು ಬೆಂಗಳೂರಿನಲ್ಲಿ ಜನಿಸಿದರು. ಇವರ ಪಿತಾಮಹ ಅಲಿ ಅಸ್ಕರ್ ಪಾರಸೀಕ ದೇಶದ ಶಿರಾಜಿನಿಂದ ಬಂದು, ಕುದುರೆಯ ವ್ಯಾಪಾರದಿಂದ ನೆಲೆನಿಂತು, ಈ ಮಣ್ಣಿನವರೇ ಆಗಿದ್ದರು. ಬಾಲ್ಯದಲ್ಲಿ ಮಿರ್ಜಾ ಅವರು ನಾಲ್ವಡಿ ಕೃಷ್ಣರಾಜ ಒಡೆಯರ ಸಹಪಾಠಿ. ಆ ಸ್ನೇಹವು ವಿಶ್ವಾಸವಾಗಿ ಮಾಗಿ, 1926ರಲ್ಲಿ ಅವರಿಗೆ ದಿವಾನಗಿರಿಯು ಪ್ರಾಪ್ತವಾಯಿತು. 1941ರವರೆಗೆ ಅವರು ಆ ಪದವಿಯಲ್ಲಿದ್ದರು.

1923ರಲ್ಲಿ ಉತ್ಪಾದನೆಯನ್ನಾರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯು ಮೊದಲ ವರ್ಷಗಳಲ್ಲಿ ನಷ್ಟಕ್ಕೆ ಸಿಲುಕಿತ್ತು. ಮಿರ್ಜಾ ಅವರ ಕಾಲದಲ್ಲಿ ಅದಕ್ಕೆ ಉಕ್ಕು ಮತ್ತು ಸಿಮೆಂಟಿನ ತಯಾರಿಕೆಗಳು ಕೂಡಿಕೊಂಡವು. 1936ರಲ್ಲಿ ಮೈಸೂರು ಕಾಗದದ ಕಾರ್ಖಾನೆಯು ಅಲ್ಲಿಯೇ ಸ್ಥಾಪಿತವಾಯಿತು. ಶಿವಮೊಗ್ಗೆಯಿಂದ ಸಾಗರದತ್ತ ರೈಲುಮಾರ್ಗವು ಮುಂದುವರಿದದ್ದೂ ಅದೇ ಅವಧಿಯಲ್ಲಿ.

ಅವರ ಆಡಳಿತವು ಕಳಂಕರಹಿತವೆನ್ನಲಾಗದು. 1928ರ ಬೆಂಗಳೂರಿನ ಗಣಪತಿ ಗಲಭೆಯಲ್ಲಿ ಅವರು ಪಕ್ಷಪಾತದ ಸಂಶಯಕ್ಕೆ ಗುರಿಯಾದರು. 1938ರ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ಧ್ವಜ ಸತ್ಯಾಗ್ರಹಕ್ಕೆ ನೆರೆದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿ ಹಲವರು ಅಸುನೀಗಿದರು. ತರುವಾಯ ಸರ್ದಾರ್ ಪಟೇಲರೊಡನೆ ಒಪ್ಪಂದವಾಗಿ, ಸಂಸ್ಥಾನದ ಧ್ವಜದೊಡನೆ ಕಾಂಗ್ರೆಸ್ ಧ್ವಜವನ್ನೂ ಹಾರಿಸಲು ಸಮ್ಮತಿ ದೊರೆಯಿತು. ಹೋದ ಪ್ರಾಣಗಳು ಮರಳಲಿಲ್ಲ.

ಇತ್ತ ದೇಶದಲ್ಲಿ ಬಿರುಕು ಹಿರಿದಾಗುತ್ತಿತ್ತು. 1909ರಲ್ಲಿ ಬ್ರಿಟಿಷರು ಮುಸಲ್ಮಾನರಿಗೆ ಪ್ರತ್ಯೇಕ ಮತಕ್ಷೇತ್ರಗಳನ್ನು ಕಲ್ಪಿಸಿ, ಮತದಾನದಲ್ಲಿಯೇ ಮತಭೇದವನ್ನು ನೆಲೆಗೊಳಿಸಿದ್ದರು. 1940ರಲ್ಲಿ ಮುಸ್ಲಿಂ ಲೀಗು ಲಾಹೋರಿನಲ್ಲಿ ಪ್ರತ್ಯೇಕ ರಾಷ್ಟ್ರದ ಬೇಡಿಕೆಯನ್ನು ಮುಂದಿಟ್ಟಿತು. ದುಂಡುಮೇಜಿನ ಪರಿಷತ್ತುಗಳಲ್ಲಿ ಅಖಂಡ ಭಾರತ ಸಂಯುಕ್ತ ರಾಜ್ಯವನ್ನು ಬೆಂಬಲಿಸಿದ್ದ ಮಿರ್ಜಾ ಅವರು ಈ ಬೇಡಿಕೆಯನ್ನು ಒಪ್ಪಲಿಲ್ಲ. ಹಿಂದೂ ಅರಸನ ಮುಸಲ್ಮಾನ ಮಂತ್ರಿಯಾಗಿ ಹದಿನೈದು ವರ್ಷ ರಾಜ್ಯವನ್ನು ನಡೆಸಿದವರಿಗೆ, ಎರಡು ಮತದವರು ಒಂದು ನಾಡಿನಲ್ಲಿ ಬಾಳಲಾರರೆಂಬ ವಾದವು ಹೇಗೆ ತಾನೆ ರುಚಿಸೀತು?

ಜಯಪುರದ ಪ್ರಧಾನಿಯಾಗಿದ್ದು, 1946ರಲ್ಲಿ ಅವರು ಹೈದರಾಬಾದಿನ ಪ್ರಧಾನಿಯಾದರು. ಜಿನ್ನಾ ಅವರಿಗೆ ಈ ನೇಮಕವು ಹಿಡಿಸಲಿಲ್ಲ. ನಿಜಾಮರು ಭಾರತದೊಡನೆ ಹೊಂದಿಕೊಂಡು ಹೋಗಬೇಕೆಂಬುದು ಮಿರ್ಜಾ ಅವರ ನಿಲುವು. ಇತ್ತೆಹಾದ್ ಪಕ್ಷದವರು ಅದನ್ನು ಪ್ರತಿಭಟಿಸಿದರು. ವರ್ಷ ತುಂಬುವ ಮೊದಲೇ, 1947ರ ಮೇ ತಿಂಗಳಲ್ಲಿ, ಅವರು ಪದವಿಯನ್ನು ತ್ಯಜಿಸಿದರು. ಮೂರು ತಿಂಗಳಲ್ಲಿ ದೇಶವು ಇಬ್ಭಾಗವಾಯಿತು. ಮರುವರ್ಷ ಹೈದರಾಬಾದಿಗೆ ಭಾರತದ ಸೈನ್ಯವು ಪ್ರವೇಶಿಸಬೇಕಾಯಿತು.

ಒಂದೆಡೆ ಮುಸಲ್ಮಾನನೆಂಬ ಸಂಶಯ, ಇನ್ನೊಂದೆಡೆ ಸ್ವಮತಕ್ಕೆ ಎರಡೆಣಿಸಿದನೆಂಬ ದೂಷಣೆ. ಇವೆರಡನ್ನೂ ಹೊತ್ತ ಮಿರ್ಜಾ ಅವರು ಹುಟ್ಟಿದೂರನ್ನು ಬಿಡಲಿಲ್ಲ. 1959ರ ಜನವರಿ 5ರಂದು ಬೆಂಗಳೂರಿನಲ್ಲಿಯೇ ಕಾಲವಾದರು. ಭದ್ರೆಯ ತಟದ ಕಾರ್ಖಾನೆಗಳಲ್ಲಿ ನಾನಾ ಮತದವರು ಒಂದೇ ಕುಲುಮೆಯ ಮುಂದೆ ಬೆವರು ಸುರಿಸಿ ಬದುಕು ಕಟ್ಟಿಕೊಂಡರು. ನಾಡು ಒಡೆಯದೆ ಬಾಳಬಲ್ಲುದೆಂಬ ಅವರ ನಂಬಿಕೆಗೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ.