ಒಂದು ಬಾವಿ, ಒಂದು ರಸ್ತೆ, ಒಂದು ಹಳ್ಳಿ: ಬೆಳಗಾವಿಯಲ್ಲಿ ಗಾಂಧೀಜಿ ಹೆಜ್ಜೆ ಗುರುತು

ಬೆಳಗಾವಿ: ಟಿಳಕವಾಡಿಯ ಕಾಂಗ್ರೆಸ್ ರಸ್ತೆಯಲ್ಲಿ ದಿನಾ ಸಾವಿರಾರು ಮಂದಿ ಓಡಾಡ್ತಾರೆ. ಶಾಲೆ ಮಕ್ಕಳ ಆಟೊ, ಅಂಗಡಿ ಮಾಲು ಹೊತ್ತ ಟೆಂಪೊ, ಆಫೀಸಿಗೆ ಹೊರಟವರ ಬೈಕು, ಎಲ್ಲವೂ ಅಲ್ಲಿರುವ ಹಳೇ ಬಾವಿಯೊಂದನ್ನು ದಾಟಿಕೊಂಡೇ ಹೋಗುತ್ತವೆ. ಜನ ಅದಕ್ಕೆ ಕಾಂಗ್ರೆಸ್ ಬಾವಿ ಅಂತಾರೆ. ಮಹಾತ್ಮ ಗಾಂಧಿ ತಮ್ಮ ಜೀವನದಲ್ಲಿ ಒಂದೇ ಒಂದು ಸಲ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷತೆ ವಹಿಸಿದ್ದು ಇದೇ ಜಾಗದಲ್ಲಿ, 1924ರ ಡಿಸೆಂಬರ್ 26 ಮತ್ತು 27ರಂದು. ಬಂದ ಮಂದಿಗೆ ಕುಡಿಯೋ ನೀರು ಸಾಲದು ಅಂತ ಆಗ ತೋಡಿಸಿದ ಬಾವಿ ಇದು.

ಮೊದಲ ಭೇಟಿ 1916ರಲ್ಲಿ

1869ರ ಅಕ್ಟೋಬರ್ 2ರಂದು ಗುಜರಾತಿನ ಪೋರಬಂದರಿನಲ್ಲಿ, ವ್ಯಾಪಾರಿ ಸಮುದಾಯದ ಮನೆಯಲ್ಲಿ ಹುಟ್ಟಿದ ಮೋಹನದಾಸ ಗಾಂಧಿ ಲಂಡನ್ನಿನಲ್ಲಿ ವಕೀಲಿ ಓದಿದರು. ಎರಡು ದಶಕ ದಕ್ಷಿಣ ಆಫ್ರಿಕಾದಲ್ಲಿ ಭಾರತೀಯರ ಪರವಾಗಿ ಹೋರಾಡಿ 1915ರಲ್ಲಿ ತಾಯ್ನಾಡಿಗೆ ಮರಳಿದರು. ಮರು ವರ್ಷವೇ ಬೆಳಗಾವಿಗೆ ಬಂದರು. 1916ರ ಏಪ್ರಿಲ್ ಕೊನೆಯಲ್ಲಿ ಇಲ್ಲಿ ಮುಂಬೈ ಪ್ರಾಂತೀಯ ಸಮ್ಮೇಳನ ನಡೆದಿತ್ತು. ಆಗ ಊರಿನ ದೊಡ್ಡ ಹೆಸರು ಬಾಲ ಗಂಗಾಧರ ಟಿಳಕರದು. ಟಿಳಕರು ಹೋಂ ರೂಲ್ ಲೀಗ್ ಶುರು ಮಾಡಿದ್ದೂ ಅದೇ ದಿನಗಳಲ್ಲಿ, ಇದೇ ಬೆಳಗಾವಿಯಲ್ಲಿ.

ಟಿಳಕರ ಬಲಗೈಯಂತಿದ್ದವರು ಹುದಲಿಯ ಗಂಗಾಧರರಾವ್ ದೇಶಪಾಂಡೆ. ವತನದಾರರ ಮನೆತನದ ಈ ವಕೀಲರು ಟಿಳಕರು 1920ರಲ್ಲಿ ತೀರಿಕೊಂಡ ಮೇಲೆ ಪೂರ್ತಿಯಾಗಿ ಗಾಂಧೀಜಿ ಕಡೆ ಬಂದರು. ಜನ ಅವರನ್ನು ಕರ್ನಾಟಕ ಕೇಸರಿ ಅಂತ ಕರೆದರು. ಕಾಂಗ್ರೆಸ್ ಅಧಿವೇಶನ ಬೆಳಗಾವಿಗೆ ಬಂದಿದ್ದರ ಹಿಂದೆ ಅವರ ಪಟ್ಟು ಇತ್ತು.

ಸೊರಗಿದ ದೇಹ, ಒಡೆಯುತ್ತಿದ್ದ ಪಕ್ಷ

ಆ ವರ್ಷ ಗಾಂಧೀಜಿಗೆ ಸುಖದ ವರ್ಷ ಆಗಿರಲಿಲ್ಲ. 1922ರಲ್ಲಿ ಆರು ವರ್ಷದ ಜೈಲು ಶಿಕ್ಷೆ ಆಗಿತ್ತು. 1924ರ ಜನವರಿಯಲ್ಲಿ ಯರವಡಾ ಜೈಲಿನಿಂದ ಪುಣೆಯ ಸಸೂನ್ ಆಸ್ಪತ್ರೆಗೆ ತಂದು ಅಪೆಂಡಿಕ್ಸ್ ಆಪರೇಶನ್ ಮಾಡಲಾಯಿತು. ಫೆಬ್ರುವರಿಯಲ್ಲಿ ಬಿಡುಗಡೆ ಆಯಿತು. ಹೊರಗೆ ಬಂದು ನೋಡಿದರೆ ಪಕ್ಷ ಎರಡು ಹೋಳು. ಶಾಸನಸಭೆಯ ಒಳಗೇ ಹೋಗಿ ಬ್ರಿಟಿಷರನ್ನು ಎದುರಿಸೋಣ ಅಂತ ಚಿತ್ತರಂಜನ ದಾಸ್, ಮೋತಿಲಾಲ್ ನೆಹರೂ ಅವರ ಸ್ವರಾಜ್ಯ ಪಕ್ಷ. ಬೇಡ, ಅಸಹಕಾರವೇ ಸರಿ ಅಂತ ಇನ್ನೊಂದು ಗುಂಪು. ಈ ಎರಡನೇ ಗುಂಪು ನಂಬಿದ್ದು ಗಾಂಧೀಜಿಯನ್ನೇ.

ಇದರ ಜತೆಗೆ ಸೆಪ್ಟೆಂಬರಿನಲ್ಲಿ ಕೊಹಾಟ್‌ನಲ್ಲಿ ಹಿಂದೂ-ಮುಸ್ಲಿಂ ಗಲಭೆ ಆಯಿತು. ಗಾಂಧೀಜಿ ದಿಲ್ಲಿಯಲ್ಲಿ 21 ದಿನ ಉಪವಾಸ ಮಾಡಿದರು. ಮೊದಲೇ ಸೊರಗಿದ್ದ ದೇಹ ಇನ್ನಷ್ಟು ಇಳಿಯಿತು. ನವೆಂಬರಿನಲ್ಲಿ ದಾಸ್ ಮತ್ತು ಮೋತಿಲಾಲರ ಜತೆ ಕೂತು ಒಂದು ಒಪ್ಪಂದಕ್ಕೆ ಬಂದರು. ಸ್ವರಾಜ್ಯ ಪಕ್ಷದವರು ಕಾಂಗ್ರೆಸ್ಸಿನ ಹೆಸರಲ್ಲೇ ಶಾಸನಸಭೆಗಳಲ್ಲಿ ಕೆಲಸ ಮಾಡಬಹುದು, ಅಸಹಕಾರ ಚಳವಳಿ ಸದ್ಯಕ್ಕೆ ನಿಲ್ಲುತ್ತದೆ, ಪ್ರತಿಯಾಗಿ ಎಲ್ಲರೂ ಚರಕ ಹಿಡಿಯಬೇಕು. ಅಂದರೆ ತಮಗೆ ಸರಿ ಕಾಣದ ದಾರಿಗೂ ಜಾಗ ಬಿಟ್ಟುಕೊಟ್ಟು ಪಕ್ಷ ಉಳಿಸಿಕೊಂಡರು. ಅದಕ್ಕೆ ಎಲ್ಲರ ಒಪ್ಪಿಗೆಯ ಮುದ್ರೆ ಹಾಕಿಸುವ ಜವಾಬ್ದಾರಿ ಹೊತ್ತು ಡಿಸೆಂಬರ್ 20ರಂದೇ ಬೆಳಗಾವಿಗೆ ಬಂದಿಳಿದರು.

ಹೊಲದ ಮೇಲೆ ಎದ್ದ ವಿಜಯನಗರ

ಈಗ ಮನೆ, ಅಂಗಡಿ ತುಂಬಿರುವ ಟಿಳಕವಾಡಿ ಆಗ ಬಯಲು. ಅಲ್ಲಿ ಬಿದಿರು, ಬಟ್ಟೆಯ ಒಂದು ಊರೇ ಎದ್ದಿತು. ಅದಕ್ಕೆ ವಿಜಯನಗರ ಅಂತ ಹೆಸರಿಟ್ಟರು. ಹೆಬ್ಬಾಗಿಲನ್ನು ಹಂಪಿಯ ವಿರೂಪಾಕ್ಷ ಗುಡಿಯ ಗೋಪುರದ ಮಾದರಿಯಲ್ಲಿ ಕಟ್ಟಿದರು. ಬಾವಿಗೆ ಪಂಪಾ ಸರೋವರ ಅಂತ ಹೆಸರು ಬಂತು. ತೋಡಿಸಲು ಆಗಿನ ಕಾಲಕ್ಕೆ ಸುಮಾರು 4,370 ರೂಪಾಯಿ ಖರ್ಚಾಯಿತು.

ಲೆಕ್ಕದ ವಿಷಯದಲ್ಲಿ ಗಾಂಧೀಜಿ ಬಹಳ ಬಿಗಿ. ಅವರಿಗಾಗಿ ಬಿದಿರು, ಖಾದಿಯಿಂದ ಕಟ್ಟಿದ ಕುಟೀರಕ್ಕೆ ಬಿದ್ದ ಖರ್ಚು 350 ರೂಪಾಯಿ. ಅದೂ ತಮಗೆ ಅರಮನೆಯಂತಾಯಿತು ಅನ್ನೋದು ಅವರ ತಕರಾರು. ಅಧಿವೇಶನಗಳ ಆಡಂಬರ ಕಡಿಮೆಯಾಗಬೇಕು, ಬಡವರೂ ಪ್ರತಿನಿಧಿಗಳಾಗಿ ಬರುವಂತಾಗಬೇಕು ಅಂತ ಹಠ ಹಿಡಿದರು. ಹತ್ತು ರೂಪಾಯಿ ಇದ್ದ ಪ್ರತಿನಿಧಿ ಶುಲ್ಕವನ್ನು ಒಂದು ರೂಪಾಯಿಗೆ ಇಳಿಸಲು ಬೆಳಗಾವಿಯಲ್ಲೇ ತೀರ್ಮಾನವಾಯಿತು.

ಹುಬ್ಬಳ್ಳಿಯ ಡಾ. ನಾ.ಸು. ಹರ್ಡೀಕರ್ ಅವರ ಸೇವಾದಳದ ಹುಡುಗರು ಶಿಸ್ತಿನ ವ್ಯವಸ್ಥೆ ನೋಡಿಕೊಂಡರು. ಹಿಂದೆ ಬೆಳಗಾವಿಯ ಗಣೇಶ ವಿದ್ಯಾಲಯದಲ್ಲಿ ಕಲಿಸುತ್ತಿದ್ದ ಕಾಕಾ ಕಾಲೇಲ್ಕರ್ ಸ್ವಚ್ಛತೆಯ ಹೊಣೆ ಹೊತ್ತರು. ಅವರ ಜತೆ ಮೇಲ್ಜಾತಿಯ ಯುವಕರೂ ಪಾಯಿಖಾನೆ ತೊಳೆಯಲು ನಿಂತರು. ನೂರು ವರ್ಷದ ಹಿಂದೆ ಇದು ಸಣ್ಣ ಮಾತಲ್ಲ.

ಎಷ್ಟು ದೊಡ್ಡ ಮಾತು ಅನ್ನೋದಕ್ಕೆ ಒಬ್ಬ ಹುಡುಗಿಯ ನೆನಪು ಸಾಕ್ಷಿ. ಸ್ವಾಗತಗೀತೆ ಹಾಡಲು ಬಂದಿದ್ದ ಆಕೆಗೆ ಆಗ ಹನ್ನೊಂದರ ಆಸುಪಾಸು. ಜಾತಿಯ ಕಾರಣಕ್ಕೆ, ಊಟ ಆದ ಮೇಲೆ ತಮ್ಮನ್ನು ಎಲೆ ಎತ್ತಲು ಕಳಿಸ್ತಾರೇನೋ ಅಂತ ಒಳಗೊಳಗೇ ಅಳುಕಿತ್ತು ಅಂತ ಆಕೆ ಎಷ್ಟೋ ವರ್ಷದ ನಂತರ ನೆನೆದರು. ಆಕೆಯೇ ಗಂಗೂಬಾಯಿ ಹಾನಗಲ್. ಹುಯಿಲಗೋಳ ನಾರಾಯಣರಾಯರ ನಾಡಗೀತೆ ಮೊದಲು ಕೇಳಿಬಂದದ್ದೂ ಈ ಅಧಿವೇಶನದಲ್ಲೇ.

ತಿಂಗಳಿಗೆ 2,000 ಗಜ ನೂಲು

ಅಧ್ಯಕ್ಷರಾಗಿ ಗಾಂಧೀಜಿ ಹಿಂದೂ-ಮುಸ್ಲಿಂ ಒಗ್ಗಟ್ಟು, ಅಸ್ಪೃಶ್ಯತೆ ನಿವಾರಣೆ, ಖಾದಿ, ಈ ಮೂರಕ್ಕೇ ಒತ್ತು ಕೊಟ್ಟರು. ಒಪ್ಪಂದ ಪಾಸಾಯಿತು. ಪಕ್ಷದ ಸದಸ್ಯನಾಗಬೇಕು ಅಂದ್ರೆ ನಾಲ್ಕಾಣೆ ಕೊಟ್ಟರೆ ಸಾಲದು, ತಿಂಗಳಿಗೆ 2,000 ಗಜ ಕೈನೂಲು ಕೊಡಬೇಕು ಅನ್ನೋ ನಿಯಮ ಬಂತು.

ಈ ನಿಯಮ ಬಾಳಲಿಲ್ಲ. ನೂಲುವವರು ಎಣಿಸಿದಷ್ಟು ಸಿಗಲಿಲ್ಲ. ಮರು ವರ್ಷವೇ ನಾಲ್ಕಾಣೆಯೂ ನಡೆಯುತ್ತದೆ ಅಂತ ತಿದ್ದಿದರು. ಆದರೆ ಪಕ್ಷ ಮಾತ್ರ ಆ ವರ್ಷ ಒಡೆಯಲಿಲ್ಲ. ಐದು ವರ್ಷಕ್ಕೆ ಪೂರ್ಣ ಸ್ವರಾಜ್ಯದ ಗೊತ್ತುವಳಿಗೂ, ಆಮೇಲೆ ಉಪ್ಪಿನ ಸತ್ಯಾಗ್ರಹಕ್ಕೂ ಒಂದಾಗಿ ನಿಂತದ್ದು ಅಂದು ಉಳಿದ ಈ ಕಾಂಗ್ರೆಸ್ಸೇ. ಕನ್ನಡಿಗರಿಗೂ ಲಾಭವಾಯಿತು. ಅದೇ ದಿನಗಳಲ್ಲಿ, ಅಲ್ಲಿಯೇ ಸಿದ್ದಪ್ಪ ಕಂಬಳಿ ಅವರ ಅಧ್ಯಕ್ಷತೆಯಲ್ಲಿ ಕರ್ನಾಟಕ ಏಕೀಕರಣ ಸಮ್ಮೇಳನ ಸೇರಿತು. ಆ ಕನಸು ಕೈಗೂಡಿದ್ದು 1956ರಲ್ಲಿ.

ಮತ್ತೆ ಮತ್ತೆ ಜಿಲ್ಲೆಗೆ

1927ರ ಮಾರ್ಚ್ ಕೊನೆಯಲ್ಲಿ ಖಾದಿ ಪ್ರವಾಸದಲ್ಲಿದ್ದ ಗಾಂಧೀಜಿ ಕೊಲ್ಲಾಪುರ, ನಿಪ್ಪಾಣಿ ಕಡೆ ಬಂದಾಗ ರಕ್ತದೊತ್ತಡ ಏರಿ ಕುಸಿದರು. ಪಕ್ಕದ ಅಂಬೋಲಿಯ ತಂಪಿನಲ್ಲಿ ಕೆಲವು ದಿನ ವಿಶ್ರಾಂತಿ ಪಡೆದು, ಬೆಳಗಾವಿ ಮೂಲಕ ನಂದಿಬೆಟ್ಟಕ್ಕೆ ಹೋದರು. 1934ರಲ್ಲಿ ಅಸ್ಪೃಶ್ಯತೆ ವಿರುದ್ಧದ ಪ್ರವಾಸದಲ್ಲೂ ಈ ಜಿಲ್ಲೆಗೆ ಬಂದರು.

ಕೊನೆಗೆ 1937ರ ಏಪ್ರಿಲ್‌ನಲ್ಲಿ ಗಂಗಾಧರರಾಯರ ಊರು ಹುದಲಿಯಲ್ಲಿ ಗಾಂಧಿ ಸೇವಾ ಸಂಘದ ಸಮ್ಮೇಳನ ನಡೆಯಿತು. ನಾಯಕರೆಲ್ಲ ಹಳ್ಳಿಗೇ ಬಂದರು, ಗಾಂಧೀಜಿ ಸುಮಾರು ಒಂದು ವಾರ ಅಲ್ಲೇ ಉಳಿದರು. ಗಂಗಾಧರರಾಯರು ಬೆಳೆಸಿದ ಖಾದಿ ಕೆಲಸವನ್ನು ಆ ಊರು ಇಂದಿಗೂ ಬಿಟ್ಟಿಲ್ಲ.

1948ರ ಜನವರಿ 30ರಂದು ದಿಲ್ಲಿಯಲ್ಲಿ ಗಾಂಧೀಜಿ ಗುಂಡಿಗೆ ಬಲಿಯಾದರು. ಬೆಳಗಾವಿಯಲ್ಲಿ ಕೇಳಿದ್ದ ಹಿಂದೂ-ಮುಸ್ಲಿಂ ಒಗ್ಗಟ್ಟನ್ನೇ ಕೊನೆಯ ಉಪವಾಸದಲ್ಲೂ ಕೇಳಿದ್ದರು. ಅದು ಮುಗಿದು ಎರಡು ವಾರವೂ ಕಳೆದಿರಲಿಲ್ಲ.

ನೋಡಬೇಕಂದ್ರೆ ಒಂದು ದಿನ ಸಾಕು

ಬೆಳಿಗ್ಗೆ ಟಿಳಕವಾಡಿಯಿಂದ ಶುರು ಮಾಡಬಹುದು. ಬಾವಿ ನೋಡಿ, ಪಕ್ಕದ ವೀರಸೌಧಕ್ಕೆ ಹೋದರೆ ಅಧಿವೇಶನದ ಹಳೇ ಫೋಟೊಗಳಿವೆ. ರಾಮತೀರ್ಥ ನಗರದಲ್ಲಿ ಗಂಗಾಧರರಾವ್ ದೇಶಪಾಂಡೆ ಸ್ಮಾರಕ ಭವನ ಇದೆ. ಸುವರ್ಣ ವಿಧಾನಸೌಧದ ಮುಂದೆ ಚರಕ ಹಿಡಿದು ಕೂತ ಗಾಂಧೀಜಿಯ ದೊಡ್ಡ ಪ್ರತಿಮೆ ಇದೆ. ಅಧಿವೇಶನದ ಶತಮಾನೋತ್ಸವಕ್ಕಾಗಿ ಮಾಡಿಸಿದ ಇದು 2025ರ ಜನವರಿ 21ರಂದು ಅನಾವರಣಗೊಂಡಿತು. ಮಧ್ಯಾಹ್ನದ ಮೇಲೆ ಹುದಲಿಗೆ ಹೋದರೆ ಖಾದಿ ಬಟ್ಟೆಯ ಜತೆ ಅಲ್ಲಿನ ಹೆಸರುವಾಸಿ ಉಪ್ಪಿನಕಾಯಿಯೂ ಸಿಗುತ್ತದೆ.

ಪ್ರತಿಮೆ ಮುಂದೆ ಫೋಟೊ ತೆಗೆಸಿಕೊಳ್ಳೋದು ಸುಲಭ. ಬಾವಿ ಮುಂದೆ ನಿಲ್ಲೋರು ಕಮ್ಮಿ. ಆದರೆ ಬಿದಿರಿನ ವಿಜಯನಗರ ಎರಡು ದಿನದ ಕೆಲಸ ಮುಗಿಸಿ ಕಳಚಿಹೋಯಿತು, 2,000 ಗಜದ ನಿಯಮ ಒಂದು ವರ್ಷಕ್ಕೇ ಸಡಿಲಾಯಿತು, ಹಂಪಿ ಮಾದರಿಯ ಗೋಪುರ ಫೋಟೊದಲ್ಲಷ್ಟೇ ಉಳಿಯಿತು. ಬಂದವರ ಬಾಯಾರಿಕೆಗೆ ಅಂತ ತೋಡಿದ ಬಾವಿ ಮಾತ್ರ ನೂರು ವರ್ಷ ದಾಟಿಯೂ ಇದ್ದಲ್ಲೇ ಇದೆ. ಮುಂದಿನ ಸಲ ಕಾಂಗ್ರೆಸ್ ರಸ್ತೆಯಲ್ಲಿ ಹೋಗುವಾಗ ಗಾಡಿ ಬದಿಗೆ ಹಚ್ಚಿ, ಮಕ್ಕಳಿಗೆ ಅದನ್ನೊಮ್ಮೆ ತೋರಿಸಿದರೆ ಐದು ನಿಮಿಷದ ಕೆಲಸ.